ಅಳತೆ ತಪ್ಪಿದ ಬಳೆಗಳು

"ಕೇಳಿರಯ್ಯಾ ಕೇಳಿ! ಕಡಲಾಚೆಯ ಜಲಸಂಧಿಗಾಗಿ ಇಬ್ಬರು ಅರಸರು ಕಾದಾಡುತ್ತಿದ್ದಾರೆ. ಹುಣ್ಣಿಮೆಗೆ ನಮ್ಮ ದೊರೆ ಮಾರರಸರ ಹಡಗುಗಳೂ ಅವರಲ್ಲಿ ತಮ್ಮ ಗೆಳೆಯನಾದವನ ಪರವಾಗಿ ಹೊರಡುತ್ತವೆ. ಅಷ್ಟರೊಳಗೆ ರಾಜಕುಮಾರಿ ಚಂದಲೆಯ ಮೂರು ಒಗಟು ಬಿಡಿಸಿದವರ ಒಂದು ಮಾತನ್ನು ದೊರೆ ನಡೆಸಿಕೊಡುತ್ತಾರೆ. ತಪ್ಪಿದವರು ಮೊದಲ ಹಡಗಿನ ಮೂತಿಯಲ್ಲಿ ನಿಂತು ಮೊದಲ ಬಾಣಕ್ಕೆ ಎದೆಕೊಡಬೇಕು!"

ಡಂಗುರ ಹೊಳೆಬಾಗಿಲು ಬಂದರಿನ ಬೀದಿಬೀದಿಯಲ್ಲೂ ಕೇಳಿಸಿತು. ಚಂದಲೆ ಹೆಚ್ಚು ಮಾತಾಡುವವಳಲ್ಲ. ಹುಟ್ಟಿದ ದಿನಕ್ಕೆ ಏನು ಬೇಕು ಎಂದು ಅಪ್ಪ ಕೇಳಿದಾಗ ಈ ಒಗಟಿನ ಸಭೆಯನ್ನಷ್ಟೇ ಕೇಳಿದ್ದಳು. ದೊರೆ ನಕ್ಕು ಒಪ್ಪಿದ. ಶಿಕ್ಷೆಯನ್ನು ಮಾತ್ರ ತಾನೇ ಸೇರಿಸಿದ.

ಮೊದಲು ದಂಡನಾಯಕ ಬಂದ, ಮೀಸೆ ತಿರುವುತ್ತಾ.

"ಅದನ್ನು ಹೊತ್ತಿಸುವುದು ಒಂದು ಊರಲ್ಲಿ. ಅದು ಹೊತ್ತಿದ ಕೂಡಲೇ ದೂರದೂರದ ಒಲೆಗಳು ಆರುತ್ತವೆ. ಏನದು?" ಎಂದಳು ಚಂದಲೆ.

"ಸಿಡಿಲು!"

"ಸಿಡಿಲಿಗೆ ಒಲೆ ಯಾಕೆ ಆರಬೇಕು?"

ದಂಡನಾಯಕನನ್ನು ಹಡಗಿಗೆ ಕರೆದೊಯ್ದರು. ಯುದ್ಧ ಬೇಕು ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದ್ದವನು ಅವನೇ. ಈಗ ಅವನ ಮೀಸೆ ಇಳಿಬಿದ್ದಿತ್ತು.

ಆಮೇಲೆ ಸಿರಿಶೆಟ್ಟಿ, ಬಂದರಿನ ದೊಡ್ಡ ವರ್ತಕ. "ಮೊದಲನೆಯದು ಅಪಶಕುನ ಅಮ್ಮಣ್ಣಿ, ಎರಡನೆಯದೇ ಕೇಳಿ" ಎಂದ.

"ಅದಕ್ಕೆ ಕಾಲಿಲ್ಲ, ಕುದುರೆಯಿಲ್ಲ, ಆದರೂ ಸೇನೆಗಿಂತ ಮೊದಲು ಊರು ಸೇರುತ್ತದೆ. ಕೋಟೆ ಬಾಗಿಲಲ್ಲಿ ಅದನ್ನು ತಡೆಯುವವರಿಲ್ಲ. ಉಣ್ಣಲು ಕೂತವರ ತಟ್ಟೆಯಿಂದ ಮೊದಲ ತುತ್ತು ಅದಕ್ಕೇ."

"ಸುದ್ದಿ! ಇನ್ನೇನು?"

"ಸುದ್ದಿ ಅನ್ನ ತಿನ್ನುತ್ತದೆಯೇ, ಶೆಟ್ಟರೇ?"

ಶೆಟ್ಟರೂ ಹಡಗು ಹತ್ತಿದರು. ಆಮೇಲೆ ಸಭೆಯ ಕಡೆ ಯಾರೂ ಸುಳಿಯಲಿಲ್ಲ.

ಹುಣ್ಣಿಮೆಯ ಹಿಂದಿನ ದಿನ ಬಳೆಗಾರ ದುಗ್ಗ ಬಂದ, ಹೆಗಲ ಮೇಲೆ ಬಳೆಯ ಮಲಾರ ಹೊತ್ತು.

"ಏ ದುಗ್ಗ, ರಾಣಿವಾಸ ಆ ಕಡೆ. ಇಲ್ಲಿರೋರು ಬಳೆ ತೊಡಲ್ಲ" ಎಂದ ಕಾವಲಿನವನು.

"ಒಗಟಿಗೆ ಬಂದೆ ಅಣ್ಣ."

"ತಲೆ ಕೆಟ್ಟಿದೆಯೇನೋ? ಹಡಗಿನ ಮೂತಿ ನೋಡಿದ್ದೀಯಾ?"

"ನಮ್ಮ ಭಾವನ್ನ ಅದೇ ಹಡಗಿಗೆ ಹುಟ್ಟು ಹಾಕೋಕೆ ಹಿಡಿದಿದ್ದಾರೆ. ಮೊನ್ನೆ ಅಕ್ಕನ ಸೀಮಂತಕ್ಕೆ ನಾನೇ ಹಸಿರು ಬಳೆ ತೊಡಿಸಿದೆ. ಅದನ್ನ ಒಡೆಯೋ ದಿನ ನೋಡಲಾರೆ ಕಣಣ್ಣ."

ಕಾವಲಿನವನು ಬದಿಗೆ ಸರಿದ.

ಚಂದಲೆ ಮೊದಲ ಒಗಟು ಕೇಳಿದಳು. ದುಗ್ಗ ಮಲಾರವನ್ನು ನಿಧಾನವಾಗಿ ಕೆಳಗಿಳಿಸಿ ಯೋಚಿಸಿದ. "ಯುದ್ಧ, ಅಮ್ಮಣ್ಣಿ. ಜಲಸಂಧಿಯಲ್ಲಿ ಕಾಳಗ ಹೊತ್ತಿಕೊಂಡ ಮೇಲೆ ಧಾನ್ಯದ ಹಡಗು ಯಾವ ಊರಿಗೂ ಬರಲಿಲ್ಲ. ಬೇಯಿಸೋಕೆ ಏನೂ ಇಲ್ಲದಿದ್ದರೆ ಒಲೆ ಯಾಕೆ ಉರಿದೀತು?"

ಎರಡನೆಯದಕ್ಕೆ ಅಷ್ಟು ಹೊತ್ತು ಬೇಕಾಗಲಿಲ್ಲ. "ತುಟ್ಟಿ. ಸೇನೆ ಇನ್ನೂ ಆಚೆ ದಡದಲ್ಲೇ ಇದೆ, ಬೆಲೆ ಏರಿ ನಮ್ಮ ತಟ್ಟೆಯ ಮುಂದೆ ಕೂತಿದೆ. ಪಡುವಣ ದ್ವೀಪದಲ್ಲಿ ಹಸಿದ ಜನ ತಮ್ಮ ಅರಸನನ್ನೇ ಓಡಿಸಿದರಂತೆ. ಅವನು ಯಾವ ಯುದ್ಧಕ್ಕೂ ಹೋದವನಲ್ಲ, ಪಾಪ."

ದೊರೆ ಸಿಂಹಾಸನದಲ್ಲಿ ಸ್ವಲ್ಪ ಮುಂದೆ ಬಾಗಿದ. ಚಂದಲೆ ಮೂರನೆಯ ಒಗಟು ಹೇಳಿದಳು.

"ಒಂದು ಗಾಯ. ಅದರಲ್ಲಿ ರಕ್ತವಿಲ್ಲ, ನರಳಾಟವಿಲ್ಲ. ಕತ್ತಿ ಬೀಸಿದವನಿಗೂ ಅದು ಗೊತ್ತಿಲ್ಲ. ಆದರೂ ಮುಟ್ಟಿ ತೋರಿಸಬಹುದು. ಎಲ್ಲಿದೆ, ತೋರಿಸು."

ದಿಕ್ಕು ತೋಚದಾಗ ದುಗ್ಗನ ಕಣ್ಣು, ರೂಢಿಯಂತೆ, ಎದುರಿನವರ ಮುಂಗೈ ಮೇಲೆ ಹೋಗುತ್ತಿತ್ತು. ಈಗಲೂ ಹೋಯಿತು. ರಾಜಕುಮಾರಿಗೆ ಗಾಳಿ ಬೀಸುತ್ತಿದ್ದ ದಾಸಿ ಗಿಡ್ಡವ್ವ ಬಳೆಗಳನ್ನು ಮೊಣಕೈವರೆಗೂ ಏರಿಸಿಕೊಂಡಿದ್ದಳು.

"ಗಿಡ್ಡವ್ವ, ಕೈ ಇಳಿಬಿಡು."

"ಬ್ಯಾಡ ಕಣಪ್ಪ..."

"ಇಳಿಬಿಡವ್ವ."

ಅವಳು ಕೈ ಇಳಿಬಿಟ್ಟಳು. ಬಳೆಗಳೆಲ್ಲ ಜಾರಿ ಕಲ್ಲುಹಾಸಿನ ಮೇಲೆ ಬಿದ್ದು ಚೂರಾದವು.

"ಹೋದ ಹಬ್ಬಕ್ಕೆ ಇವೇ ಬಳೆನ ಎಣ್ಣೆ ಹಚ್ಚಿ, ಒತ್ತಿ ಒತ್ತಿ ತೊಡಿಸಿದ್ದೆ. 'ಅಯ್ಯೋ, ಕೈ ಮುರೀತೀಯಾ' ಅಂತ ಬೈದಿದ್ದಳು. ಗಾಯ ಇಲ್ಲಿದೆ ಅಮ್ಮಣ್ಣಿ. ಊರಲ್ಲಿ ಯಾವ ಕೈ ಹಿಡಿದರೂ ಇದೆ."

"ಕಾಯಿಲೆಯೇನೇ?" ಎಂದು ದೊರೆ ಕೇಳಿದ.

"ಇಲ್ಲ ಬುದ್ಧೀ. ಒಪ್ಪೊತ್ತು ಊಟ. ಅಡುಗೆಮನೇಲಿ ಎಲ್ಲಾರದೂ ಹಂಗೇಯ."

"ನನ್ನ ಅರಮನೆಯಲ್ಲೇ? ನನಗೆ ಯಾರೂ ಹೇಳಲಿಲ್ಲವಲ್ಲ!"

"ನಾನು ಹೇಳಿದ್ದೆ, ಅಪ್ಪಾಜಿ," ಚಂದಲೆಯ ದನಿ ಏರಲಿಲ್ಲ. "ಯುದ್ಧವೆಂದರೆ ಇದೆಲ್ಲ ಇದ್ದದ್ದೇ ಎಂದಿರಿ. ಒಗಟು ಮಾಡಿದರೆ ಕೇಳಿಸಿಕೊಳ್ಳುತ್ತೀರೇನೋ ಅಂದುಕೊಂಡೆ."

ದೊರೆ ಎದ್ದು ಬಂದು ಬಳೆಯ ಚೂರೊಂದನ್ನು ಎತ್ತಿಕೊಂಡ.

"ನಾನು ನಡೆಸಿಕೊಡಬೇಕಾದ ಮಾತೇನು, ಕೇಳಿಕೋ ಬಳೆಗಾರ. ಬೇಕಾದರೆ ಮಗಳ ಕೈ ಕೇಳು."

"ಅಮ್ಮಣ್ಣಿ ಕೈಯನ್ನ ಹಬ್ಬಹಬ್ಬಕ್ಕೂ ಹಿಡೀತೀನಲ್ಲ ಬುದ್ಧೀ, ಅಷ್ಟು ಸಾಕು." ಚಂದಲೆ ಮೊದಲ ಸಲ ನಕ್ಕಳು. ದುಗ್ಗ ಮುಂದುವರಿಸಿದ. "ಹಡಗು ಹೊರಡಲಿ, ಕತ್ತಿಗಳನ್ನ ಇಳಿಸಿಬಿಡಿ. ಆ ಇಬ್ಬರು ಅರಸರನ್ನ ಕೂರಿಸಿ ಮಾತಾಡಿಸೋಕೆ ಯಾರ ಪರವೂ ಅಲ್ಲದವರು ಒಬ್ಬರಾದರೂ ಬೇಕಲ್ಲ?"

ಹುಣ್ಣಿಮೆಗೆ ಹಡಗು ಹೊರಟಿತು. ಮೂತಿಯಲ್ಲಿ ದಂಡನಾಯಕನೂ ಶೆಟ್ಟರೂ ಬಿಳಿ ಬಾವುಟ ಹಿಡಿದು ನಿಂತಿದ್ದರು. ರಾಜಿ ಒಂದೇ ದಿನಕ್ಕೆ ಆಗಲಿಲ್ಲ. ಅರಸರು ಬೈದಾಡಿದರು, ಎದ್ದುಹೋದರು, ಮತ್ತೆ ಬಂದು ಕೂತರು. ಕೊನೆಗೂ ಜಲಸಂಧಿ ತೆರೆಯಿತು. ಊರೂರಿಗೆ ಧಾನ್ಯ ಹೋಯಿತು.

ದೊರೆ ದುಗ್ಗನಿಗೆ ಅರಮನೆಯ ಎದುರೇ ಬಳೆಯಂಗಡಿ ಹಾಕಿಸಿಕೊಟ್ಟ. ಆ ವರ್ಷದ ಹಬ್ಬಕ್ಕೆ ಅಲ್ಲಿ ದೊಡ್ಡ ಅಳತೆಯ ಬಳೆ ಸಾಲದೇ ಹೋಯಿತು.

ಭಾವ ಮನೆಗೆ ಬಂದಾಗ ಮಗು ತೊಟ್ಟಿಲಲ್ಲಿತ್ತು. ದುಗ್ಗ ಅಂಗಡಿಯಲ್ಲಿದ್ದ ಅತಿ ಸಣ್ಣ ಕರಿಬಳೆ ತಂದು ತೊಡಿಸಲು ಹೋದ. ಅದು ಆ ಪುಟ್ಟ ಮುಷ್ಟಿಯನ್ನು ದಾಟಲೇ ಇಲ್ಲ.

"ಇಷ್ಟು ವರ್ಷ ಬಳೆ ಮಾರಿ ಅಳತೆ ತಪ್ಪಿದೆಯಲ್ಲೋ!" ಎಂದಳು ಅಕ್ಕ.

"ತಪ್ಪಲಿ ಬಿಡಕ್ಕ," ಎಂದು ದುಗ್ಗ ದೊಡ್ಡದನ್ನು ಹುಡುಕತೊಡಗಿದ.