ಸೇತುವೆ ಬಾಗಿಲಿಗೆ ಬಂದ ಸರಕು

"ನನ್ನ ಸಾಮಾನು ನಾನು ಸಾಗಿಸಲು ನಿನ್ನಪ್ಪಣೆ ಬೇಕೇನೋ, ಗುಮಾಸ್ತ?" ಎಂದು ಪ್ರಭು ವೋಲ್ರಾಡ್ ಕುದುರೆಯ ಮೇಲಿಂದಲೇ ಗುಡುಗಿದ.

ಜರ್ಮನ್ ಸೀಮೆಯ ಸ್ಟೈನ್‌ಹಾಫೆನ್ ಎಂಬ ಬಂದರು ಪಟ್ಟಣದಲ್ಲಿ ರಾಜನೂ ಇರಲಿಲ್ಲ, ರಾಣಿಯೂ ಇರಲಿಲ್ಲ. ಉಪ್ಪುಮೀನು ಮಾರಿ ಹೊಟ್ಟೆ ಬೆಳೆಸಿದ ವರ್ತಕರ ಸಭೆಯದೇ ಅಲ್ಲಿ ದರ್ಬಾರು. ಯಾವ ಪ್ರಭುವಿನ ಜೀತದಾಳೇ ಆಗಲಿ, ಓಡಿಬಂದು ಆ ಊರಲ್ಲಿ ಒಂದು ವರ್ಷ ಒಂದು ದಿನ ಬಾಳಿದರೆ ಅವನು ಸ್ವತಂತ್ರ. ಅದಕ್ಕೆ ಮೊದಲೇ ಸಿಕ್ಕಿಬಿದ್ದರೆ ಮಾತ್ರ ಯಾರೂ ಅಡ್ಡ ಬರುವಂತಿರಲಿಲ್ಲ.

ಪೀಪಾಯಿ ಮಾಡುವ ಹೈನೋ ಹಾಗೆ ಓಡಿಬಂದು ಹನ್ನೊಂದು ತಿಂಗಳು ಕಳೆದಿದ್ದ. ಮರ ನೋಡಲು ಕಾಡಿಗೆ ಹೋದವನು ಹಳೆಯ ಒಡೆಯ ವೋಲ್ರಾಡ್‌ನ ಕೈಗೇ ಸಿಕ್ಕ. ಈಗ ಗಾಡಿಯಲ್ಲಿ ಕೈಕಾಲು ಕಟ್ಟಿಸಿಕೊಂಡು ಗೋಧಿ ಮೂಟೆಗಳ ನಡುವೆ ಬಿದ್ದಿದ್ದ. ಪ್ರಭುವಿನ ಕೋಟೆಗೆ ಹೋಗಲು ಇದ್ದದ್ದು ಒಂದೇ ಸೇತುವೆ, ಅದೂ ಊರೊಳಗೆ.

ಬಾಗಿಲಲ್ಲಿ ಸುಂಕ ಎತ್ತುವ ಗುಮಾಸ್ತ ಲುಡೆಕೆ ಹೈನೋನನ್ನು ನೋಡಿ ಒಳಗೇ ಮರುಗಿದ. ಮುಖದಲ್ಲಿ ಮಾತ್ರ ವಿನಯವೇ ವಿನಯ.

"ಗೋಧಿ ಸರಿ, ಪ್ರಭುಗಳೇ. ಈ ಮನುಷ್ಯ ಯಾರು?"

"ಮನುಷ್ಯನೇ? ಇವನಪ್ಪನೂ ನನ್ನ ಸೊತ್ತು, ಇವನೂ ನನ್ನ ಸೊತ್ತು. ಆ ಮೂಟೆ ಹೇಗೋ ಇವನೂ ಹಾಗೆ."

"ಹಾಗಾದರೆ ಸರಕು ಎಂದು ಬರೆದುಕೊಳ್ಳಲೇ?"

"ದಪ್ಪಕ್ಷರದಲ್ಲಿ ಬರೆದುಕೋ!"

"ಸರಕಿಗೆ ಸುಂಕ ಉಂಟು. ಬೆಲೆ ತಾವೇ ಹೇಳಬೇಕು. ಬೆಲೆ ಏರಿದಷ್ಟೂ ಸುಂಕ ಏರುತ್ತದೆ."

ವೋಲ್ರಾಡ್ ಎಂಜಲು ಕೈಯಲ್ಲಿ ಕಾಗೆ ಓಡಿಸದ ಜಿಪುಣ. ತಟ್ಟನೆ ದನಿ ಇಳಿಸಿದ.

"ಇವನಿಗೆಂಥ ಬೆಲೆಯಯ್ಯ? ಮೈಗಳ್ಳ, ತಿಂಡಿಪೋತ. ಒಂದು ಉಪ್ಪುಮೀನು ಕೊಟ್ಟರೂ ದುಬಾರಿ. ಅಷ್ಟೇ ಬರೆದುಕೋ."

"ಆಣೆ ಇಡುತ್ತೀರಾ?"

"ಇಟ್ಟೆ, ಹೋಗು!"

ಲುಡೆಕೆ ಬರೆದು ಮೊಹರು ಒತ್ತಿದ. ಎದ್ದು ಪಕ್ಕದ ಅಂಗಡಿಯಿಂದ ಒಂದು ಉಪ್ಪುಮೀನನ್ನು ಬಾಲ ಹಿಡಿದು ತಂದು, ಎರಡೂ ಕೈಯಿಂದ ಭಕ್ತಿಪೂರ್ವಕವಾಗಿ ಪ್ರಭುವಿಗೆ ಒಪ್ಪಿಸಿದ.

"ಇದೇನಿದು?"

"ನಮ್ಮೂರ ಕಟ್ಟಳೆ, ಪ್ರಭುಗಳೇ. ಬೆಲೆ ಕಮ್ಮಿ ಹೇಳಿ ಸುಂಕ ನುಂಗುವವರು ಹೆಚ್ಚಾದರು ಅಂತ ಹಿರಿಯರು ಮಾಡಿದ್ದು. ಒಡೆಯ ಹೇಳಿದ ಬೆಲೆಗೇ ಯಾವ ಸರಕನ್ನಾದರೂ ಪಟ್ಟಣ ಕೊಂಡುಬಿಡಬಹುದು. ಈ ಸರಕನ್ನು ಕೊಂಡಿದೆ. ಗೋಧಿ ತಾವು ಧಾರಾಳವಾಗಿ ಒಯ್ಯಿರಿ."

ಹಾಗೆನ್ನುತ್ತಲೇ ಚಾಕು ತೆಗೆದು ಹೈನೋನ ಕಟ್ಟು ಕತ್ತರಿಸಿದ. "ಕೊಂಡದ್ದನ್ನು ಬಿಟ್ಟುಬಿಡುವುದೂ ಪಟ್ಟಣದ ಇಷ್ಟ. ಎದ್ದೇಳಪ್ಪ, ನಿನ್ನ ಪೀಪಾಯಿಗಳು ಕಾಯುತ್ತಿವೆ." ಹೈನೋಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ವೋಲ್ರಾಡ್ ಕುದುರೆಯಿಂದ ದುಮುಕಿದ. ಕೈಯಲ್ಲಿ ಮೀನು ಹಾಗೇ ಇತ್ತು.

"ಮೋಸ! ಅವನನ್ನು ಕೊಳ್ಳುವುದಕ್ಕೆ ಅವನೇನು ಸರಕೇ? ಕಣ್ಣು ಕಾಣದೇ ನಿನಗೆ? ಅವನು ಮನುಷ್ಯ ಕಣಯ್ಯ, ಮನುಷ್ಯ!"

ಲುಡೆಕೆ ತಲೆಬಾಗಿದ.

"ಒಪ್ಪಿದೆ, ಪ್ರಭುಗಳೇ. ಮನುಷ್ಯರಿಗೆ ಈ ಬಾಗಿಲಲ್ಲಿ ಸುಂಕವೂ ಇಲ್ಲ, ತಡೆಯೂ ಇಲ್ಲ. ಈ ಒಂದು ಮಾತನ್ನು ನಾನು ಕೇಳಿದಾಗಲೇ ಹೇಳಿದ್ದರೆ, ಇಷ್ಟು ಹೊತ್ತಿಗೆ ಅವನನ್ನು ಕರೆದುಕೊಂಡು ಸೇತುವೆ ದಾಟಿರುತ್ತಿದ್ದಿರಿ."