ಕೂಗು ಎಣಿಸುವ ಯಂತ್ರ

ಮಾತು ಕೇಳಿ ದೀಪ, ಪರದೆ, ಒಲೆ ಎಲ್ಲ ನಡೆಸುವ ಯಂತ್ರವನ್ನು ದಾವಣಗೆರೆಯ ಚಿದಾನಂದಪ್ಪನವರ ಕಂಪನಿ ಮಾಡುತ್ತಿತ್ತು. ಕೊಳ್ಳುವವರು ಬಂಗಲೆಯವರು ಮಾತ್ರ.

"ಈ ವಾರ ಸಾಮಾನ್ಯರ ಮನೆಗೂ ಮಾರು. ಇಲ್ಲದಿದ್ದರೆ ಕೆಲಸ ಬಿಡು" ಎಂದು ಗುಮಾಸ್ತೆ ವಾರಿಜಾಗೆ ಅವರು ಗುಡುಗಿದರು.

ವಾರಿಜಾ ಸೀರಿಯಲ್ ಹೊತ್ತಿಗೆ ಸರಿಯಾಗಿ ಯಂತ್ರ ಹಿಡಿದು ತನ್ನ ಪಕ್ಕದ ಮನೆಗೆ ಹೋದಳು. ಬೀದಿಯ ಹೆಂಗಸರೆಲ್ಲ ಅಲ್ಲೇ ಟೀವಿ ಮುಂದಿದ್ದರು.

"ಅಕ್ಕಾ, ನೀವು ಆರಾಮಾಗಿ ನೋಡ್ರಿ. ಕುಕ್ಕರ್ ಮೂರು ಸಲ ಕೂಗಿದ್ರೆ ಕರೆಂಟ್ ಒಲೇನ ಇದೇ ಆರಿಸುತ್ತೆ."

ಹಾಗೇ ಆಯಿತು. ಬೇಳೆ ಹದವಾಗಿ ಬೆಂದಿತ್ತು. ವಾರ ಕಳೆಯುವುದರೊಳಗೆ ಇಡೀ ಬೀದಿ ಯಂತ್ರ ಕೊಂಡಿತು.

ಚಿದಾನಂದಪ್ಪ ಹಿಗ್ಗುವ ಬದಲು ಕೆರಳಿದರು. "ಏಳು ಭಾಷೆ ಬಲ್ಲ ಯಂತ್ರಕ್ಕೆ ಕೂಗು ಎಣಿಸೋ ಕೆಲಸವೇನೇ?"

"ಏಳು ಭಾಷೆ ಬಲ್ಲವರ ಮನೇಲೂ ಬೇಳೆ ಸೀಯುತ್ತಲ್ಲ, ಸಾರ್."

ಅಷ್ಟರಲ್ಲಿ ಅವರ ಹೆಂಡತಿಯ ಫೋನ್ ಬಂತು. "ಊರಿಗೆಲ್ಲ ಕೊಟ್ಟಿದ್ದೀರಂತೆ. ನಾನು ಮಾತ್ರ ಕೂಗು ಎಣಿಸ್ತಾ ಕೂತಿರಬೇಕಾ?"

ಚಿದಾನಂದಪ್ಪ ಮೆತ್ತಗೆ ಕೇಳಿದರು: "ವಾರಿಜಾ, ಒಂದಾದರೂ ಉಳಿದಿದೆಯೇನಮ್ಮಾ?"