ಅಂಜುಶೆಟ್ಟಿ ಕೋಡಿ

ಬೆಂಗಳೂರಿನಿಂದ ಮೂಡಲಿಗೆ ಹೋಗುವ ಹೆದ್ದಾರಿಯಲ್ಲಿ ಮೇಲ್ಸೇತುವೆ ಇಳಿದು ಎಡಕ್ಕೆ ಹೊರಳಿದರೆ ಅಂಜುಶೆಟ್ಟಿ ಕೋಡಿ ಎಂಬ ಬಸ್ ನಿಲ್ದಾಣ ಸಿಗುತ್ತದೆ. ಮೊನ್ನೆ ಮೊನ್ನೆಯವರೆಗೂ ಇಲ್ಲಿ ಹಿಪ್ಪುನೇರಳೆ ತೋಟಗಳಿದ್ದವು. ಈಗ ಒಂದು ಪಕ್ಕದಲ್ಲಿ ಗಾಜಿನ ಮೈಯ ಮಾಲ್, ಇನ್ನೊಂದು ಪಕ್ಕದಲ್ಲಿ ಕತ್ತೆತ್ತಿ ನೋಡಬೇಕಾದ ಅಪಾರ್ಟ್‌ಮೆಂಟುಗಳು. ನಡುವಿನ ರಸ್ತೆಯಲ್ಲಿ ಬೆಳಗಾದರೆ ನೀರಿನ ಟ್ಯಾಂಕರುಗಳೂ ಶಾಲೆಯ ಬಸ್ಸುಗಳೂ ಒಂದರ ಹಿಂದೆ ಒಂದು ಮೂತಿ ತಾಗಿಸಿಕೊಂಡು ನಿಂತಿರುತ್ತವೆ. ಒಳಚರಂಡಿಗೆಂದು ಅಗೆದ ಗುಂಡಿ ಮುಚ್ಚುವ ಮೊದಲೇ ಕೇಬಲ್ಲಿಗೆಂದು ಇನ್ನೊಂದು ಗುಂಡಿ ತೆಗೆಯುತ್ತಾರೆ. ಬಡಾವಣೆ ಮಾಡಿದವರು ಈ ಜಾಗಕ್ಕೆ ಬೇರೊಂದು ಚೆಂದದ ಹೆಸರಿಟ್ಟು ಕಮಾನು ಕಟ್ಟಿಸಿದ್ದಾರೆ. ಕಂಡಕ್ಟರುಗಳು ಮಾತ್ರ ಇಂದಿಗೂ "ಯಾರ್ರೀ ಅಂಜುಶೆಟ್ಟಿ, ಬೇಗ ಇಳ್ಕೊಳಿ" ಎಂದೇ ಕೂಗುತ್ತಾರೆ. ಹೊಸದಾಗಿ ಬಂದವರು ಅದು ಯಾರೋ ಶೆಟ್ಟರ ಅಂಗಡಿಯ ಹೆಸರೆಂದುಕೊಳ್ಳುತ್ತಾರೆ. ಕೋಡಿ ಎಂದರೆ ಕೆರೆ ತುಂಬಿದಾಗ ಹೆಚ್ಚಾದ ನೀರು ತಾನಾಗಿ ಹರಿದುಹೋಗಲೆಂದು ಏರಿಯ ಕೊನೆಯಲ್ಲಿ ಬಿಟ್ಟ ದಾರಿ. ಇಲ್ಲಿನ ಮಾರಗೊಂಡನ ಕೆರೆಯ ಆ ದಾರಿಗೆ ಹೆದರುಪುಕ್ಕಲ ಶೆಟ್ಟಿಯೊಬ್ಬನ ಹೆಸರು ಹೇಗೆ ಬಂತೆಂಬುದನ್ನು ಈ ಭಾಗದ ಹಿರಿಯರು ಹೀಗೆ ಹೇಳುತ್ತಾರೆ.

ಹಿಂದೆ ಒಮ್ಮೆ ಈ ಸೀಮೆಯು ತಿಮ್ಮರಸನಾಯಕನೆಂಬ ಪಾಳೆಯಗಾರನ ಕೈಯಲ್ಲಿತ್ತು. ಕೆರೆಯೇರಿಯ ಕೆಳಗಿನ ಗದ್ದೆಬಯಲಿನಲ್ಲಿ ಸುತ್ತಲ ಯಾವ ಪಾಳೆಯಪಟ್ಟಿನಲ್ಲೂ ಇಲ್ಲದಂಥ ಪೇಟೆಯೊಂದನ್ನು ಕಟ್ಟಬೇಕೆಂದು ಅವನಿಗೆ ಆಸೆಯಾಯಿತು. ಬಂದು ನೆಲೆಸಿದವರಿಗೆ ಕೆಲವು ಕಾಲ ಸುಂಕವಿಲ್ಲವೆಂದು ಡಂಗುರ ಸಾರಿಸಿದ. ನೇಯುವವರು, ಗಾಣದವರು, ಬಳೆಗಾರರು, ಕಂಚುಗಾರರು ಗಾಡಿ ಕಟ್ಟಿಕೊಂಡು ಬಂದರು. ಅವರಿಗೆಲ್ಲ ಯಜಮಾನನಾಗಿ, ಪಟ್ಟಣಶೆಟ್ಟಿ ಎಂಬ ಪದವಿ ಕೊಟ್ಟು, ಬಣಜಿಗರ ನಂಜುಶೆಟ್ಟಿಯನ್ನು ನಾಯಕ ಕರೆಸಿಕೊಂಡ. ನಂಜುಶೆಟ್ಟಿ ಲೆಕ್ಕದಲ್ಲಿ ಗಟ್ಟಿಗ, ನ್ಯಾಯದಲ್ಲಿ ನಂಬಿಕಸ್ಥ, ಆದರೆ ಪುಕ್ಕಲ. ತೊಲೆಯ ಕೆಳಗೆ ಕೂರುತ್ತಿರಲಿಲ್ಲ. ಎತ್ತು ತಲೆ ಕೊಡವಿದರೆ ಗಾಡಿಯಿಂದ ಇಳಿದುಬಿಡುತ್ತಿದ್ದ. ಅದಕ್ಕೆ ಕಾರಣವಿತ್ತು. ಅವನು ಚಿಕ್ಕವನಿದ್ದಾಗ ಅವನ ಹುಟ್ಟೂರಿನ ಕೆರೆ ಒಡೆದಿತ್ತು. ತಾಯಿ ಅವನನ್ನು ಹುಣಸೆಮರದ ಕೊಂಬೆಗೆ ಹತ್ತಿಸಿ, ಅವನ ಪುಟ್ಟ ತಮ್ಮನನ್ನು ತರಲು ಮನೆಗೆ ಓಡಿದವಳು ಮತ್ತೆ ಬರಲಿಲ್ಲ. ಆ ದಿನ ಕೇಳಿದ ಸದ್ದನ್ನು ಅವನು ಯಾರಿಗೂ ಬಣ್ಣಿಸಿ ಹೇಳಿದವನಲ್ಲ. ಯಾರಾದರೂ ವಿಚಾರಿಸಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದ, ಅಷ್ಟೇ.

ಪೇಟೆ ಬೆಳೆಯಿತು. ನಾಯಕ ಎಣಿಸಿದ್ದಕ್ಕಿಂತ ಬೇಗ ಬೆಳೆಯಿತು. ಗದ್ದೆಗಳೆಲ್ಲ ಅಂಗಳಗಳಾದವು, ಅಂಗಳಗಳು ಓಣಿಗಳಾದವು. ಸಂತೆಯ ದಿನ ಊರಬಾಗಿಲ ಹೊರಗೆ ಗಾಡಿಗಳ ಸಾಲು ಮಧ್ಯಾಹ್ನವಾದರೂ ಕರಗುತ್ತಿರಲಿಲ್ಲ. ಹಿಂದಿನವನು ಮುಂದಿನವನ ಎತ್ತಿಗೆ ಹೊಡೆದು ಜಗಳ ಹತ್ತುತ್ತಿತ್ತು. ಬಚ್ಚಲ ನೀರು ಹೋಗಲು ದಾರಿಯಿಲ್ಲದೆ ಓಣಿಯಲ್ಲೇ ನಿಂತು ನಾರುತ್ತಿತ್ತು. ಬಾವಿಗಳ ಸುತ್ತ ಕೊಡಗಳ ಸಾಲು, ಹೆಂಗಸರ ಬೈದಾಟ. ಬಣ್ಣಗಾರರ ನೀಲಿ, ತೊಗಲು ಹದ ಮಾಡುವವರ ಸುಣ್ಣ ಎಲ್ಲ ಕೆರೆಗೇ ಇಳಿಯುತ್ತಿತ್ತು. ಹೀಗಿದ್ದರೂ ಬರುವವರು ನಿಲ್ಲಲಿಲ್ಲ. ಆಗ ನಾಯಕನ ಕಣ್ಣು ಕೋಡಿಯ ಮೇಲೆ ಬಿತ್ತು. ಅದರ ಬಾಯಿಗೆ ಕಲ್ಲುಗೋಡೆ ಹಾಕಿ ಮುಚ್ಚಿದರೆ ಕೆರೆಯಲ್ಲಿ ಇನ್ನಷ್ಟು ನೀರು ನಿಲ್ಲುತ್ತದೆ. ಕೆಳಗಿನ ಹಳ್ಳಕ್ಕೆ ಮಣ್ಣು ತುಂಬಿದರೆ ಒಂದು ಹೊಸ ಬೀದಿಗೇ ಜಾಗವಾಗುತ್ತದೆ. ಎರಡು ತೊಂದರೆಗೆ ಒಂದೇ ಮದ್ದು ಸಿಕ್ಕಿತೆಂದು ನಾಯಕ ಹಿಗ್ಗಿದ.

"ಒಡೆಯರೇ, ಅದು ನೀರು ಹೋಗೋ ದಾರಿ" ಎಂದು ನಂಜುಶೆಟ್ಟಿ ಬಾಯಿ ತೆರೆದ.

"ಎಲ್ಲಿದೆ ಶೆಟ್ಟಿ ನೀರು? ನಾನು ಪಟ್ಟಕ್ಕೆ ಬಂದಮೇಲೆ ಆ ಕೋಡಿಯಲ್ಲಿ ಒಂದು ಕಪ್ಪೆ ನೆನೆದದ್ದನ್ನೂ ನೋಡಿಲ್ಲ."

ಸಭೆ ನಕ್ಕಿತು. ನಂಜುಶೆಟ್ಟಿಯೂ ನಕ್ಕ, ಎಲ್ಲರೂ ನಗುವಾಗ ಸುಮ್ಮನಿರಲು ಹೆದರಿ. ಗೋಡೆ ಎದ್ದಿತು, ಹಳ್ಳ ತುಂಬಿತು, ಹೊಸಬೀದಿ ನಿಂತಿತು. ಗೋಡೆಯದಾಗಲಿ ಮನೆಗಳದಾಗಲಿ ಒಂದು ಕಲ್ಲು ಕಿತ್ತವನ ಕೈ ಕಡಿಸುವುದಾಗಿ ನಾಯಕ ಕಟ್ಟಪ್ಪಣೆ ಮಾಡಿದ. ಗೋಡೆಗೆ ಹತ್ತಿದ ಮೊದಲ ಮನೆಯನ್ನು ಅವನು ಪಟ್ಟಣಶೆಟ್ಟಿಯ ಅಳಿಯನಿಗೆ ಉಡುಗೊರೆಯಾಗಿ ಕೊಟ್ಟ. ನಂಜುಶೆಟ್ಟಿಯ ಒಬ್ಬಳೇ ಮಗಳು ಹೊನ್ನಾಜಮ್ಮ ಅಲ್ಲಿ ಸಂಸಾರ ಹೂಡಿದಳು. ಮಗಳ ಮನೆಗೆ ಹೋದಾಗಲೆಲ್ಲ ಅವನು ಹಿತ್ತಲ ಗೋಡೆಯತ್ತ ಬೆನ್ನು ಮಾಡಿ ಕೂರುತ್ತಿದ್ದ. ಆಮೇಲೆ ಬೆನ್ನು ಮಾಡಿ ಕೂರಲೂ ಭಯವಾಗಿ ತಿರುಗಿ ಕೂರುತ್ತಿದ್ದ.

ಕೆಲವು ವರ್ಷ ಮಳೆ ಹಿಂದಿನಂತೆಯೇ ಬಂದು ಹೋಯಿತು. ಬಳಿಕ ಒಂದು ವರ್ಷ ಹಸ್ತೆ ಮಳೆ ಹಿಡಿದದ್ದು ಬಿಡಲಿಲ್ಲ. ಚಿತ್ತೆ ಅದಕ್ಕೆ ಜೊತೆಯಾಯಿತು. ಮೇಲಿನ ಕೆರೆಗಳೆಲ್ಲ ಕೋಡಿ ಬಿದ್ದು ಅವುಗಳ ನೀರೂ ಇಲ್ಲಿಗೇ ಬಂತು. ನಾಯಕ ಆಗ ಬೀಗರ ಕೋಟೆಗೆ ಮದುವೆಗೆಂದು ಹೋಗಿದ್ದ. ನಡುವಿನ ಹೊಳೆ ಉಕ್ಕಿ ದಾರಿ ಕಟ್ಟಿಹೋಗಿತ್ತು. ಕೆರೆ ತುಂಬಿತೆಂದು ಪೇಟೆಯವರು ಬಾಗಿನ ಬಿಟ್ಟು ಸಂಭ್ರಮಪಟ್ಟರು. ಮಾರನೆಯ ದಿನ ಬೆಳಗ್ಗೆ ಗಾಣದ ಓಣಿಯ ಅಕ್ಕಯ್ಯಮ್ಮ ಎಂಬಾಕೆ ಬಂದು, "ಶೆಟ್ರೇ, ನಮ್ಮ ಹಿತ್ತಲಾಗೆ ಒಂದು ಬುಗ್ಗೆ ಎದ್ದದೆ. ಗಂಗಮ್ಮನೇ ಬಂದವ್ಳೆ ಅಂತ ಎಲ್ಲರೂ ಅರಿಸಿನ ಕುಂಕುಮ ಇಕ್ತಾವ್ರೆ, ನೀವೂ ಬನ್ನಿ" ಎಂದಳು. ನಂಜುಶೆಟ್ಟಿ ಹೋಗಿ ನೋಡಿದ. ಏರಿಯ ಬುಡದಲ್ಲಿ ಬೆರಳು ಗಾತ್ರದ ನೀರು ಪುಟಿಯುತ್ತಿತ್ತು. ನೀರು ತಿಳಿಯಾಗಿರಲಿಲ್ಲ; ಏರಿಯ ಕೆಮ್ಮಣ್ಣನ್ನು ಕರಗಿಸಿಕೊಂಡು ಬರುತ್ತಿತ್ತು. ಅದರ ಸುತ್ತ ಹೂ, ಅರಿಸಿನ, ಉರಿಯುವ ಊದುಕಡ್ಡಿ. ಅವನು ಏರಿ ಹತ್ತಿದ. ಆ ಬದಿಯಲ್ಲಿ ನೀರು ಅವನ ಕಾಲ ಬುಡದಲ್ಲೇ ತುಳುಕುತ್ತಿತ್ತು. ಈ ಬದಿಗೆ ಕತ್ತು ಬಗ್ಗಿಸಿದರೆ ಆಳದಲ್ಲಿ ಪೇಟೆಯ ಹೆಂಚುಗಳು, ಅಡುಗೆಮನೆಗಳ ಹೊಗೆ, ಓಣಿಯಲ್ಲಿ ಆಡುವ ಮಕ್ಕಳ ತಲೆಗಳು. ಅಲ್ಲೇ ಕೂತು ಎರಡು ಕೈಯಲ್ಲೂ ಹುಲ್ಲು ಹಿಡಿದುಕೊಂಡ. ಓಡಿಹೋಗಬೇಕೆಂಬುದೇ ಅವನಿಗೆ ಮೊದಲು ಬಂದ ಯೋಚನೆ ಎನ್ನುತ್ತಾರೆ; ಊರಬಾಗಿಲವರೆಗೆ ಹೋಗಿಯೂ ಇದ್ದನಂತೆ. ಅಲ್ಲಿಂದ ತಿರುಗಿ ಬಂದ.

ಹೊಸಬೀದಿಯಲ್ಲಿ ಅವನು ಮನೆಮನೆಗೆ ಹೋಗಿ ಹೊರಬೀಳಲು ಹೇಳಿದ. ಕೋಡಿಯ ಗೋಡೆ ಒಡೆಯದಿದ್ದರೆ ಏರಿ ಒಡೆಯುತ್ತದೆ, ಗೋಡೆ ಒಡೆದರೆ ಈ ಬೀದಿ ಉಳಿಯುವುದಿಲ್ಲ ಎಂದ. ಜನ ಅವನ ನಡುಗುವ ಗದ್ದವನ್ನು ನೋಡಿ ಒಬ್ಬರನ್ನೊಬ್ಬರು ಚಿವುಟಿಕೊಂಡು ನಕ್ಕರು. ಕೊನೆಗೆ ಮಗಳ ಮನೆಗೆ ಬಂದ. ಹೊನ್ನಾಜಮ್ಮ ತುಂಬು ಬಸುರಿ, ಗೋಡೆಗೆ ಒರಗಿ ಕೂತಿದ್ದಳು. ಅಳಿಯ ಮರಿಬಸವ, "ಮಾವ, ಯಾರ ಮನೆ ಅಂತ ನೋಡಿ ಮಾತಾಡಿ. ಇದು ನಾಯಕರು ಕೊಟ್ಟ ಮನೆ" ಎಂದು ಅಡ್ಡ ನಿಂತ. ಮಗಳು ಕೈಸನ್ನೆಯಿಂದ ಗಂಡನನ್ನು ಸುಮ್ಮನಿರಿಸಿದಳು.

"ಅಪ್ಪಯ್ಯ, ನಾನು ಚಿಕ್ಕವಳಿದ್ದಾಗ ಗುಡುಗಿದರೆ ನನಗಿಂತ ಮೊದಲು ನೀನೇ ಕಂಬಳಿಯೊಳಗೆ ಸೇರ್ಕೊಳ್ತಿದ್ದೆ. ಇದು ಆ ಹೆದರಿಕೆಯೋ, ಬೇರೆಯೋ?"

"ಗೊತ್ತಿಲ್ಲ ಕಣವ್ವ" ಎಂದ ನಂಜುಶೆಟ್ಟಿ. "ನನಗೆ ಎಲ್ಲ ಹೆದರಿಕೆಯೂ ಒಂದೇ ಥರ ಇರ್ತದೆ."

ಅವಳು ಅಪ್ಪನ ಮುಖವನ್ನೇ ನೋಡಿದಳು. ಆಮೇಲೆ ಗೋಡೆ ಹಿಡಿದು ಎದ್ದು, ದೇವರ ಗೂಡಿನ ದೀಪವನ್ನು ಸೆರಗಿನಲ್ಲಿ ಮರೆಮಾಡಿಕೊಂಡು, ಮಳೆಯಲ್ಲಿ ಹೊರಟಳು. ಪಟ್ಟಣಶೆಟ್ಟಿಯ ಬಸುರಿ ಮಗಳು ದೀಪ ಹಿಡಿದು ಮನೆ ಬಿಟ್ಟದ್ದನ್ನು ಕಂಡಮೇಲೆ ಬೀದಿಯಲ್ಲಿ ಯಾರಿಗೂ ನಗು ಬರಲಿಲ್ಲ. ಮೊದಲು ಒಂದು ಮನೆ, ಆಮೇಲೆ ನಾಲ್ಕಾರು, ಆಮೇಲೆ ಎಲ್ಲವೂ. ಹಾಸಿಗೆ ಸುರುಳಿ, ತೊಟ್ಟಿಲು, ಒರಳು, ಕೋಳಿಗಳನ್ನು ಹೊತ್ತುಕೊಂಡು ಎದುರಿನ ದಿಣ್ಣೆ ಹತ್ತಿದರು. ಕಲ್ಲುಕುಟಿಗರು ಹಾರೆ ತಂದರೂ ಗೋಡೆಗೆ ತಾಗಿಸಲಿಲ್ಲ. ನಾಯಕನ ಅಪ್ಪಣೆಯನ್ನು ನೆನೆದು ಕೈ ಹಿಂದಕ್ಕೆ ತೆಗೆದರು. ನಂಜುಶೆಟ್ಟಿ ಹಾರೆ ಕಿತ್ತುಕೊಂಡ. ಮಗಳ ಹಿತ್ತಲಲ್ಲಿ ನಿಂತು ಮೊದಲ ಏಟು ತಾನೇ ಹಾಕಿದ. ಹೊಡೆಯುವಾಗ ಅವನು ದೊಡ್ಡದಾಗಿ ಅಳುತ್ತಿದ್ದನಂತೆ. ಒಂದು ಕಲ್ಲು ಸಡಿಲಿ ನೀರು ಚಿಮ್ಮಿತು. ಮಿಕ್ಕದ್ದನ್ನು ನೀರೇ ಮಾಡಿತು. ಅವನನ್ನು ರಟ್ಟೆ ಹಿಡಿದು ಎಳೆದುಕೊಂಡವರು ದಿಣ್ಣೆ ತಲುಪುವುದರೊಳಗೆ ಹೊಸಬೀದಿಯ ಸಾಲು ಒಂದು ಕಡೆಯಿಂದ ಮಡಿಚಿಕೊಂಡು ಹೋಯಿತು. ಮಗ್ಗದ ಮೇಲಿದ್ದ ಅರ್ಧ ಸೀರೆಯನ್ನು ಕತ್ತರಿಸಿ ತರುತ್ತೇನೆಂದು ಯಾರ ಕಣ್ಣಿಗೂ ಬೀಳದಂತೆ ಒಳಗೆ ನುಸುಳಿದ್ದ ನೇಕಾರ ಜಡೆಯಪ್ಪ ಅದರೊಂದಿಗೇ ಹೋದ.

ಏರಿ ನಿಂತಿತು. ಗಾಣದ ಓಣಿಯ ಬುಗ್ಗೆ ಸಂಜೆಯ ಹೊತ್ತಿಗೆ ಬತ್ತಿತು. ಹೊಳೆ ಇಳಿದು ನಾಯಕ ಹಿಂತಿರುಗಿದಾಗ ಬಿಸಿಲು ಕಾದಿತ್ತು, ಏರಿಯ ಮೇಲೆ ಹಸುಗಳು ಮೇಯುತ್ತಿದ್ದವು.

"ಏರಿ ಎಲ್ಲಿ ಒಡೆದಿದೆ, ತೋರಿಸು" ಎಂದ ನಾಯಕ.

"ಒಡೆದಿಲ್ಲ, ಒಡೆಯರೇ."

"ಒಡೆಯುತ್ತಿತ್ತು ಎಂದು ಕಂಡವರು ಯಾರಿದ್ದಾರೆ?"

ನಂಜುಶೆಟ್ಟಿ ಗಾಣದ ಓಣಿಯ ಕಡೆ ಕೈ ತೋರಿಸಿದ; ಬುಗ್ಗೆ ಎದ್ದಿದ್ದಲ್ಲಿ ಒಣಗಿದ ಅರಿಸಿನವಷ್ಟೇ ಉಳಿದಿತ್ತು. ಏರಿಯ ಕೆಳಗೆ ಪ್ರಾಣ ಉಳಿಸಿಕೊಂಡ ಪೇಟೆಯೆಲ್ಲ ಅಲ್ಲಿ ನೆರೆದಿತ್ತು. ತಾವು ಉಳಿದವರೆಂದು ಅವರಿಗೇ ಗೊತ್ತಿರಲಿಲ್ಲ. ಮನೆ ಕಳೆದುಕೊಂಡವರು ಮಾತ್ರ ತಾವು ಯಾರೆಂದು ಬಲ್ಲವರಾಗಿದ್ದರು. ಅವರು ಮಣ್ಣು ತೂರಿ ಶಪಿಸಿದರು. ನಾಯಕ ಮುದುಕನ ಕೈ ಕಡಿಸಲಿಲ್ಲ. ಪದವಿಯ ಮುದ್ರೆಯುಂಗುರ ಕಳಚಿಸಿ, "ಇವನು ನಂಜುಶೆಟ್ಟಿಯಲ್ಲ, ಅಂಜುಶೆಟ್ಟಿ" ಎಂದ. ಜನ ಚಪ್ಪಾಳೆ ತಟ್ಟಿ ನಕ್ಕರು. ಒಂದು ಅಕ್ಷರ ಅವತ್ತು ಉದುರಿದ್ದು ಮತ್ತೆ ಕೂಡಲಿಲ್ಲ.

ಅವನು ಕೋಡಿಯ ಆಚೆಯ ದಿಣ್ಣೆಯಲ್ಲಿ ಗುಡಿಸಲು ಹಾಕಿಕೊಂಡ. ಮಗಳು ಅಲ್ಲೇ ಹೆತ್ತಳು. ಗಂಡ ಎಷ್ಟು ಕರೆದರೂ ಏರಿಯ ಕೆಳಗೆ ಮನೆ ಮಾಡಲು ಒಪ್ಪದೆ, ಕೊನೆಗೆ ಅವನನ್ನೇ ದಿಣ್ಣೆಗೆ ಬರಮಾಡಿಕೊಂಡಳು. ಜಡೆಯಪ್ಪನ ಹೆಂಡತಿ ಆಗಾಗ ಬಂದು ಗುಡಿಸಲ ಮುಂದೆ ನಿಲ್ಲುತ್ತಿದ್ದಳು. ನಿಂತು, ನೋಡಿ, ಹೋಗುತ್ತಿದ್ದಳು. ಅವಳು ಹೋದಮೇಲೆ ಶೆಟ್ಟಿ ಏರಿಯನ್ನು ದಿಟ್ಟಿಸುತ್ತಾ, "ನಿಲ್ತಿತ್ತೋ ಏನೋ ಹೊನ್ನಾಜಿ. ನಿಂತುಬಿಡ್ತಿತ್ತೋ ಏನೋ" ಎನ್ನುತ್ತಿದ್ದ. ಹಿಂದೆ ನೀರಿಗೆ ಹೆದರುತ್ತಿದ್ದವನು ಈಗ ಗಟ್ಟಿಯಾಗಿ ನಿಂತ ಏರಿಗೆ ಹೆದರತೊಡಗಿದ್ದ. ಆ ಪ್ರಶ್ನೆಯನ್ನು ಎದೆಯಲ್ಲಿಟ್ಟುಕೊಂಡೇ ಸತ್ತ.

ತಿಮ್ಮರಸನಾಯಕನ ಮಗ ಪಟ್ಟಕ್ಕೆ ಬಂದಮೇಲೆ ಪೇಟೆಗೆ ಮತ್ತೆ ಜಾಗ ಸಾಲದಾಯಿತು. ಕೋಡಿಯನ್ನು ಮತ್ತೆ ಮುಚ್ಚಿದರು, ಈ ಸಲ ಗಾರೆ ಹಾಕಿ, ಆನೆ ನೂಕಿದರೂ ಅಲ್ಲಾಡದಂತೆ. ಬೀದಿಯೂ ದೊಡ್ಡದಾಯಿತು. ಮುಂದೆ ಯಾವುದೋ ವರ್ಷದ ಚಿತ್ತೆ ಮಳೆಯಲ್ಲಿ, ಸಂತೆಯ ದಿನ, ಹಾಡಹಗಲಲ್ಲೇ ಏರಿ ನಡುಮಧ್ಯದಲ್ಲಿ ಬಾಯಿಬಿಟ್ಟಿತು. ಊರಬಾಗಿಲಲ್ಲಿ ಗಾಡಿಗಳು ಸಿಕ್ಕಿಕೊಂಡಿದ್ದವು. ಓಡಿದವರು ಅವುಗಳಿಗೇ ಎಡವಿ ಬಿದ್ದರು. ಮುದುಕಿಯಾಗಿದ್ದ ಹೊನ್ನಾಜಮ್ಮ ದಿಣ್ಣೆಯ ತುದಿಗೆ ಬಂದು ನೋಡುವಷ್ಟರಲ್ಲಿ ಪೇಟೆಯಿದ್ದ ಕಡೆ ಕೆಂಪು ನೀರಿತ್ತು. ಅವಳು ಅಪ್ಪನನ್ನು ಹೂಳಿದ ಗದ್ದುಗೆಯ ಬಳಿ ಕುಸಿದು, "ನಿಲ್ತಿರಲಿಲ್ಲ ಅಪ್ಪಯ್ಯ, ನಿಲ್ತಿರಲಿಲ್ಲ" ಎಂದು ಮಣ್ಣಿಗೆ ಬಾಯಿ ಹಚ್ಚಿ ಕೂಗಿದಳು ಎನ್ನುತ್ತಾರೆ. ಅಳಿದುಳಿದವರು ದಿಣ್ಣೆಯ ಮೇಲೆ ಹಟ್ಟಿ ಕಟ್ಟಿಕೊಂಡರು. ಕೋಡಿಯನ್ನು ಅಂಜುಶೆಟ್ಟಿಯ ಹೆಸರಿನಿಂದಲೇ ಕರೆದರು. ಆ ಹೆಸರನ್ನು ಹೇಳುವಾಗ ಯಾರೂ ನಗಲಿಲ್ಲ.

ಒಡೆದ ಏರಿಯನ್ನು ಎಷ್ಟೋ ಕಾಲದ ಮೇಲೆ ಯಾರೋ ಕಟ್ಟಿಸಿದರು. ಈಗ ಅದರ ಮೇಲೆ ವಾಕಿಂಗ್ ದಾರಿ, ಬೆಂಚುಗಳು ಇವೆ. ಅಲ್ಲಿ ನಿಂತು ಕೆಳಗೆ ನೋಡಿದರೆ ಇನ್ನೂ ಕಟ್ಟುತ್ತಿರುವ ಎತ್ತರದ ವಾಣಿಜ್ಯ ಸಂಕೀರ್ಣವೊಂದು ಕಾಣುತ್ತದೆ. ಅದರ ನೆಲಮಾಳಿಗೆಗೆಂದು ಅಗೆದಾಗ ನೀರು ತಂದು ಹಾಕಿದ ಆಳುದ್ದದ ಕೆಮ್ಮಣ್ಣಿನ ಗೋಡಿನ ಕೆಳಗೆ ಹೊಸ್ತಿಲುಗಳು, ಬಳೆಚೂರುಗಳು, ಗಾಡಿಚಕ್ರದ ಕಬ್ಬಿಣದ ಪಟ್ಟಿಗಳು ರಾಶಿ ರಾಶಿಯಾಗಿ ಸಿಕ್ಕವು. ಜನ ಬಂದು ನೋಡಿ ಫೋಟೋ ತೆಗೆದುಕೊಂಡರು. ಆಮೇಲೆ ಕಾಂಕ್ರೀಟು ಸುರಿದರು. ಒಂದು ಗಾಣದ ಕಲ್ಲನ್ನು ಮಾತ್ರ ಗೇಟಿನ ಬಳಿ ಉರುಳಿಸಿಟ್ಟಿದ್ದಾರೆ, ಹೋದವರು ಈಗಲೂ ನೋಡಬಹುದು. ಕಾವಲುಗಾರರು ಅದರ ಮೇಲೆ ಕೂರುತ್ತಾರೆ. ಕೆರೆಯ ಕಡೆಯ ನೆಲಮಾಳಿಗೆ ಗೋಡೆಯಲ್ಲಿ ಮಳೆಗಾಲದಲ್ಲಿ ನೀರು ಜಿನುಗುತ್ತದೆ. ಅದನ್ನೆತ್ತಲು ಪಂಪು ಬಿಡುವಿಲ್ಲದೆ ಓಡುತ್ತಿರುತ್ತದೆ. ಕರೆಂಟು ಹೋಗಿ ಪಂಪಿನ ಸದ್ದು ನಿಂತಾಗ, ಎಲ್ಲಿಂದಲೋ ಬಂದ, ಈ ಕಥೆ ಕೇಳಿರದ ಆ ಕಾವಲುಗಾರರು ಮಾತು ನಿಲ್ಲಿಸಿ, ಕಲ್ಲಿನಿಂದ ಎದ್ದು, ಏರಿಯ ಕಡೆ ತಿರುಗಿ ನಿಲ್ಲುತ್ತಾರೆ.